ಹೋಮ್ ಅಂದರೆ ಯಾರ ಮನೆ? ಒಂದು ಇಂಗ್ಲಿಷ್ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯಲು ಶುರು ಮಾಡಿದವರಿಗೆ ಮೊದಲ ವಾರದಲ್ಲೇ ಸಿಗುವ ಪದ ‘ಹೋಮ್’. ವರ್ಷಗಟ್ಟಲೆ ಇಂಗ್ಲಿಷ್‌ನಲ್ಲೇ ಆಫೀಸ್ ಕೆಲಸ ಮಾಡಿದವರೂ ಎಡವುವುದು ಇದೇ ಪದದಲ್ಲಿ. ಕಷ್ಟದ ಪದ ಬಂದರೆ ಡಿಕ್ಷನರಿ ತೆಗೆಯುತ್ತೇವೆ. ಇದಕ್ಕೆ ಯಾರು ತೆಗೆಯುತ್ತಾರೆ? ಸ್ಪೋಕನ್ ಇಂಗ್ಲಿಷ್ ಕಲಿಯುವವರು, ಮಕ್ಕಳಿಗೆ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರು, ಹೊಸದಾಗಿ ಕೆಲಸಕ್ಕೆ ಸೇರಿದವರು ಜಾಸ್ತಿ ಕೇಳುವ ಪ್ರಶ್ನೆಗಳು ಇಲ್ಲಿವೆ.

‘ಗೋ ಟು ಸ್ಕೂಲ್’ ಸರಿ, ‘ಗೋ ಟು ಹೋಮ್’ ಮಾತ್ರ ತಪ್ಪು. ಯಾಕೆ?

ನಮ್ಮ ‘ಗೆ’ ಮಾಡುವ ಕೆಲಸವನ್ನೇ ಇಂಗ್ಲಿಷ್‌ನಲ್ಲಿ ‘ಟು’ ಮಾಡುತ್ತದೆ. ಸ್ಕೂಲಿಗೆ, ಅಂಗಡಿಗೆ, ಮೈಸೂರಿಗೆ ಹೋಗುವಾಗೆಲ್ಲ ‘ಟು’ ಬೇಕು. ಆದರೆ ‘ಗೋ ಹೋಮ್’ ಅನ್ನುವಾಗ ಹೋಮ್ ಅಂದರೆ ‘ಮನೆ’ ಅಲ್ಲ, ‘ಮನೆಗೆ’. ಆ ‘ಗೆ’ ಪದದ ಹೊಟ್ಟೆಯೊಳಗೇ ಇದೆ. ಮೇಲೆ ಇನ್ನೊಂದು ‘ಟು’ ಹಾಕಿದರೆ ‘ಮನೆಗೆಗೆ ಹೋದೆ’ ಅಂದಂತಾಗುತ್ತದೆ.

ಇದಕ್ಕೆ ಒಂದು ಹಳೆಯ ಕಾರಣವಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ನಮ್ಮಲ್ಲಿರುವ ಹಾಗೆ ವಿಭಕ್ತಿಗಳಿದ್ದವು. ಉ, ಅನ್ನು, ಇಂದ, ಗೆ ಅಂತ ನಾವು ಶಾಲೆಯಲ್ಲಿ ರಾಗವಾಗಿ ಒಪ್ಪಿಸುತ್ತಿದ್ದೆವಲ್ಲ, ಅದೇ ಥರ. ಆಗ ಈ ಪದವನ್ನು ‘ಹಾಮ್’ ಅನ್ನುತ್ತಿದ್ದರು. ಹೋಗುವ, ಬರುವ ಕ್ರಿಯೆಯ ಜೊತೆ ಅದರ ದ್ವಿತೀಯಾ ರೂಪವನ್ನು ಹಾಗೇ ಬಳಸಿದರೆ ‘ಮನೆ ಕಡೆಗೆ’ ಅನ್ನುವ ಅರ್ಥ ಬರುತ್ತಿತ್ತು. ಕಾಲ ಕಳೆದಂತೆ ವಿಭಕ್ತಿಗಳು ಸವೆದು ಉದುರಿದವು. ‘ಟು’, ‘ಫ್ರಮ್’ ಥರದ ಪದಗಳು ಅವುಗಳ ಜಾಗಕ್ಕೆ ಬಂದವು. ಹೋಮ್ ಮಾತ್ರ ಹಳೆಯ ಚಾಳಿ ಬಿಡಲಿಲ್ಲ.

ಹಾಗಾಗಿ ಕಮ್ ಹೋಮ್, ಗೆಟ್ ಹೋಮ್, ವಾಕ್ ಹೋಮ್, ಡ್ರೈವ್ ಹೋಮ್, ಸೆಂಡ್ ಹೋಮ್, ಆನ್ ಮೈ ವೇ ಹೋಮ್, ಯಾವುದಕ್ಕೂ ‘ಟು’ ಬೇಡ. ಇದೇ ಗುಣ ಇನ್ನೂ ಕೆಲವು ಪದಗಳಿಗಿದೆ: ಹಿಯರ್, ದೇರ್, ಅಬ್ರಾಡ್, ಅಪ್‌ಸ್ಟೇರ್ಸ್. ‘ಕಮ್ ಟು ಹಿಯರ್’ ಅಂತ ಯಾರೂ ಅನ್ನುವುದಿಲ್ಲ. ಆದರೆ ‘ಗೋ ಟು ಅಬ್ರಾಡ್’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದೂ ಇದೇ ತಪ್ಪು.

‘ರೀಚ್ಡ್ ಟು ಹೋಮ್’?

ಬೇಡ. ‘ರೀಚ್ಡ್ ಹೋಮ್’ ಸಾಕು. ‘ರೀಚ್’ಗೆ ಹೋಮ್ ಇರಲಿ, ಆಫೀಸ್ ಇರಲಿ, ‘ಟು’ ಬರುವುದೇ ಇಲ್ಲ.

‘ಟು ಮೈ ಹೋಮ್’ ಕೂಡ ತಪ್ಪಾ?

ಇಲ್ಲ. ಯಾರ ಮನೆ ಅಂತ ಬಾಯಿ ಬಿಟ್ಟು ಹೇಳಿದ ಕೂಡಲೇ ಹೋಮ್ ಉಳಿದ ನಾಮಪದಗಳ ಸಾಲಿಗೆ ಸೇರುತ್ತದೆ. ಆಗ ‘ಟು’ ಬೇಕೇ ಬೇಕು. ಆದರೆ ‘ಐ ವೆಂಟ್ ಟು ಹರ್ ಹೋಮ್’ ಸ್ವಲ್ಪ ಬಿಗಿಯಾಗಿ ಕೇಳಿಸುತ್ತದೆ. ಮಾತಿನಲ್ಲಿ ‘ಟು ಹರ್ ಹೌಸ್’ ಅಥವಾ ‘ಟು ಹರ್ ಪ್ಲೇಸ್’ ಅನ್ನುವುದೇ ಜಾಸ್ತಿ.

ಹೋಮ್ ಅಂದರೆ ಯಾರ ಮನೆ ಅಂತ ಗೊತ್ತಾಗುವುದು ಹೇಗೆ?

ನನ್ನ ಪ್ರಕಾರ ಇಡೀ ಪುಟದಲ್ಲಿ ಇದೊಂದೇ ಪ್ರಶ್ನೆ ಓದಿದರೂ ಅರ್ಧ ಗೊಂದಲ ತೀರುತ್ತದೆ. ಒಳಗೆ ‘ಗೆ’ ಇರುವ ಹೋಮ್‌ನಲ್ಲಿ ಇನ್ನೊಂದು ಮಾತೂ ಅಡಗಿದೆ: ‘ತನ್ನ’. ಹೋಗುತ್ತಿರುವವರು ಯಾರೋ, ಅವರ ಮನೆ. ‘ಹೀ ವೆಂಟ್ ಹೋಮ್’ ಅಂದರೆ ಅವನು ತನ್ನ ಮನೆಗೆ ಹೋದ. ‘ಐ ವಿಲ್ ಡ್ರಾಪ್ ಯೂ ಹೋಮ್’ ಅಂದರೆ ನಿಮ್ಮನ್ನು ನಿಮ್ಮ ಮನೆಗೆ ಬಿಡುತ್ತೇನೆ. ಗಾಡಿ ನನ್ನದೇ ಇರಬಹುದು, ಮನೆ ನಿಮ್ಮದು.

ನಾವು ಎಡವುವುದು ಕರೆಯುವಾಗ. ‘ಭಾನುವಾರ ಮನೆಗೆ ಬನ್ನಿ’ ಅನ್ನುವುದು ನಮ್ಮ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಯಾರ ಮನೆ ಅಂತ ಹೇಳಬೇಕಾಗಿಲ್ಲ, ಕರೆಯುತ್ತಿರುವವರದ್ದೇ. ಹಾಗಾಗಿ ಇಂಗ್ಲಿಷ್‌ನಲ್ಲೂ ‘ಕಮ್ ಹೋಮ್ ಆನ್ ಸಂಡೇ’ ಅಂದುಬಿಡುತ್ತೇವೆ. ಇಂಡಿಯಾದಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಅಮೆರಿಕದಿಂದ ಬೆಂಗಳೂರಿನ ಆಫೀಸಿಗೆ ಬಂದಿರುವ ಸಹೋದ್ಯೋಗಿಗೆ ಈ ಸಂದೇಶ ಹೋಯಿತು ಅಂದುಕೊಳ್ಳಿ. ಅವರ ಕಿವಿಗೆ ಅದು ‘ನಿನ್ನ ಮನೆಗೆ ವಾಪಸ್ ಬಾ’ ಅಂದ ಹಾಗೆ. ಅಮ್ಮ ಮಗನಿಗೆ ಹೇಳುವ ಮಾತು, ಇಲ್ಲವೇ ಮುನಿಸಿಕೊಂಡು ಹೋದ ಹೆಂಡತಿಗೆ ಗಂಡ ಹೇಳುವ ಮಾತು. ಪಾಪ, ಅವರು ಒಂದು ಕ್ಷಣ ತಬ್ಬಿಬ್ಬಾಗಿ ಆಮೇಲೆ ಊಹಿಸಿಕೊಳ್ಳುತ್ತಾರೆ. ಅತಿಥಿಗಳನ್ನು ಕರೆಯುವಾಗ ‘ಕಮ್ ಓವರ್’, ‘ಕಮ್ ಟು ಅವರ್ ಪ್ಲೇಸ್’ ಅನ್ನಿ. ಊಟಕ್ಕಾದರೆ ‘ಕಮ್ ಓವರ್ ಫಾರ್ ಲಂಚ್’.

ಅದೇ ಕಾರಣಕ್ಕೆ ‘ಐ ವೆಂಟ್ ಹೋಮ್ ಆ್ಯಂಡ್ ಮೆಟ್ ಹಿಸ್ ಮದರ್’ ಅಂದರೂ ಕೇಳುವವರು ಗಲಿಬಿಲಿಯಾಗುತ್ತಾರೆ. ನಿಮ್ಮ ಮನೆಗೆ ಹೋದರೆ ಅವನ ತಾಯಿ ಅಲ್ಲಿ ಹೇಗೆ ಸಿಕ್ಕರು?

‘ಐ ಆ್ಯಮ್ ಹೋಮ್’, ‘ಐ ಆ್ಯಮ್ ಅಟ್ ಹೋಮ್’: ಎರಡರಲ್ಲಿ ಯಾವುದು ಸರಿ?

ಎರಡೂ ಸರಿ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಾ ‘ಬಂದೆ’ ಅಂತ ಕೂಗುತ್ತೀರಲ್ಲ, ಅದು ‘ಐ ಆ್ಯಮ್ ಹೋಮ್’. ‘ಎಲ್ಲಿದ್ದೀಯಾ?’ ಅಂತ ಫೋನ್ ಬಂದಾಗ ‘ಮನೇಲಿದ್ದೀನಿ’ ಅನ್ನುವುದು ‘ಐ ಆ್ಯಮ್ ಅಟ್ ಹೋಮ್’. ಅಮೆರಿಕದವರು ಎರಡನೆಯ ಸಂದರ್ಭಕ್ಕೂ ‘ಅಟ್’ ಬಿಟ್ಟು ಹೇಳುತ್ತಾರೆ. ಬ್ರಿಟಿಷರು ‘ಅಟ್’ ಇಟ್ಟುಕೊಳ್ಳುವುದು ಜಾಸ್ತಿ.

‘ಇನ್ ಹೋಮ್’ ಅನ್ನಬಹುದಾ? ‘ಇನ್ ದ ಹೌಸ್’?

‘ಮನೆಯಲ್ಲಿ’ ಅನ್ನುವುದರ ‘ಅಲ್ಲಿ’ಗೆ ‘ಇನ್’ ಹಾಕಿ ಮಾಡಿದ ವಾಕ್ಯ ‘ಐ ಆ್ಯಮ್ ಇನ್ ಹೋಮ್’. ಅದು ನಡೆಯುವುದಿಲ್ಲ. ‘ಇನ್ ದ ಹೌಸ್’ ನಡೆಯುತ್ತದೆ, ಆದರೆ ಅದು ಕಟ್ಟಡದ ಮಾತು: ಅಂಗಳದಲ್ಲಿ ಇಲ್ಲ, ಒಳಗಿದ್ದೇನೆ ಅಂತ.

‘ಇನ್ ಎ ಹೋಮ್’ ಬಗ್ಗೆ ಹುಷಾರಾಗಿರಿ. ಮುಂದೆ ‘ಎ’ ಬಂದರೆ ಹೋಮ್‌ಗೆ ಆಶ್ರಮ ಅನ್ನುವ ಅರ್ಥ ಬಂದುಬಿಡುತ್ತದೆ. ವೃದ್ಧಾಶ್ರಮ, ಅನಾಥಾಶ್ರಮ, ಆರೈಕೆ ಕೇಂದ್ರ, ಎಲ್ಲ ‘ಹೋಮ್’. ‘ಮೈ ಮದರ್ ಈಸ್ ಇನ್ ಎ ಹೋಮ್’ ಅಂದರೆ ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದ್ದೀರಿ ಅಂತಲೇ ಕೇಳಿದವರು ತಿಳಿಯುತ್ತಾರೆ. ಅಮ್ಮ ಊರಿನ ಮನೆಯ ಜಗುಲಿಯಲ್ಲಿ ಹಪ್ಪಳ ಒಣಗಿಸುತ್ತಾ ಕೂತಿದ್ದರೂ ಅಷ್ಟೇ. ‘ಅಟ್ ಹೋಮ್’ ಅನ್ನಿ.

‘ಅವರು ಮನೇಲಿಲ್ಲ’ ಅನ್ನುವುದಕ್ಕೆ?

‘ಹೀ ಈಸ್ ನಾಟ್ ಅಟ್ ಹೋಮ್’, ‘ಹೀ ಈಸ್ ನಾಟ್ ಇನ್’, ‘ಹೀ ಈಸ್ ಔಟ್’. ಊರಲ್ಲೇ ಇಲ್ಲದಿದ್ದರೆ ‘ಔಟ್ ಆಫ್ ಟೌನ್’. ನಮ್ಮಲ್ಲಿ ಬಳಸುವ ‘ಔಟ್ ಆಫ್ ಸ್ಟೇಷನ್’ ಬ್ರಿಟಿಷರ ಕಾಲದ ನೌಕರಿಯ ಮಾತು. ಅಧಿಕಾರಿಯನ್ನು ಹಾಕಿದ ಊರು ಅವನ ಸ್ಟೇಷನ್. ಇಂಡಿಯಾದ ಹೊರಗೆ ಹೇಳಿದರೆ ರೈಲ್ವೆ ಸ್ಟೇಷನ್ ಅಂದುಕೊಳ್ಳುತ್ತಾರೆ.

‘ಸ್ಟೇ ಹೋಮ್’ ಅಂತ ಕೋವಿಡ್ ಸಮಯದಲ್ಲಿ ಎಲ್ಲ ಕಡೆ ಬರೆದಿದ್ದರು. ‘ಅಟ್’ ಬೇಡವಾ?

2020ರ ಮಾರ್ಚ್ 25ರಿಂದ 21 ದಿನ ಲಾಕ್‌ಡೌನ್ ಅಂದಾಗ ‘ಸ್ಟೇ ಹೋಮ್, ಸ್ಟೇ ಸೇಫ್’ ಎಲ್ಲರ ಕಣ್ಣಿಗೆ ಬಿತ್ತು. ‘ಸ್ಟೇ ಅಟ್ ಹೋಮ್’ ಕೂಡ ಅಷ್ಟೇ ಸರಿ. ಗೋಡೆಬರಹಕ್ಕೆ ಚಿಕ್ಕದು ಚೆಂದ, ಅಷ್ಟೇ.

ಅದೇ ಹೊತ್ತಿಗೆ ಮನೆಮನೆಗೂ ಬಂದ ಇನ್ನೊಂದು ಮಾತು ‘ವರ್ಕ್ ಫ್ರಮ್ ಹೋಮ್’. ‘ಐ ಆ್ಯಮ್ ಇನ್ ವರ್ಕ್ ಫ್ರಮ್ ಹೋಮ್’ ಅನ್ನುವುದು ನಮ್ಮ ಆಫೀಸ್ ಭಾಷೆ. ‘ಐ ಆ್ಯಮ್ ವರ್ಕಿಂಗ್ ಫ್ರಮ್ ಹೋಮ್’ ಅಂದರೆ ಎಲ್ಲ ಕಡೆ ಸಲ್ಲುತ್ತದೆ.

ಹೌಸ್‌ಗೂ ಹೋಮ್‌ಗೂ ಏನು ವ್ಯತ್ಯಾಸ?

ಹೌಸ್ ಕಲ್ಲು ಮಣ್ಣಿನದು, ಹೋಮ್ ಪ್ರೀತಿಯದು ಅಂತ ಎಲ್ಲರೂ ಹೇಳುತ್ತಾರೆ. ಕೇಳಲು ಚೆಂದ, ಬಳಸಲು ಅಷ್ಟಾಗಿ ಪ್ರಯೋಜನವಿಲ್ಲ. ನಾನಾದರೆ ಹೀಗೆ ಹೇಳುತ್ತೇನೆ: ಹೌಸ್‌ಗೆ ಬಣ್ಣ ಹೊಡೆಸಬಹುದು, ಬಾಡಿಗೆಗೆ ಕೊಡಬಹುದು, ಕಂದಾಯ ಕಟ್ಟಬಹುದು. ಹೋಮ್ ಅಂದರೆ ಸದ್ಯಕ್ಕೆ ನಿಮ್ಮ ವಾಸ ಎಲ್ಲಿದೆಯೋ ಅದು. ಹಾಸ್ಟೆಲ್ ರೂಮಾದರೂ, ಪೊಲೀಸ್ ಕ್ವಾರ್ಟರ್ಸ್ ಆದರೂ ಹೋಮ್ ಆಗಬಹುದು.

ಇನ್ನೊಂದು ವಿಷಯವನ್ನು ನಮ್ಮಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಹೌಸ್ ಅಂದರೆ ಬಿಡಿಯಾಗಿ ಬಾಗಿಲು, ಮಹಡಿ, ಚಾವಣಿ ಇರುವ ಕಟ್ಟಡ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವುದು ಹೌಸ್ ಅಲ್ಲ, ಫ್ಲ್ಯಾಟ್. ಎರಡಕ್ಕೂ ಹೊಂದುವ ಪದ ಹೋಮ್. ‘ಮೈ ಹೌಸ್’ ಅಂತ ಬಾಯಿಮಾತಿನಲ್ಲಿ ಅಂದರೆ ನಡೆಯುತ್ತದೆ. ವಿದೇಶದಲ್ಲಿ ಅರ್ಜಿ ತುಂಬುವಾಗ, ಬಾಡಿಗೆ ಹುಡುಕುವಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ.

ಜಾಹೀರಾತಿನವರು ಇದನ್ನು ಎಂದೋ ಅರ್ಥಮಾಡಿಕೊಂಡಿದ್ದಾರೆ. ಬಿಲ್ಡರ್ ಮಾರುವುದು ಯಾವಾಗಲೂ ‘ಡ್ರೀಮ್ ಹೋಮ್’. ಬ್ಯಾಂಕ್ ಕೊಡುವುದು ‘ಹೋಮ್ ಲೋನ್’. ದುಡ್ಡು ಕಟ್ಟಿ ಕೀಲಿಕೈ ಸಿಕ್ಕ ಮೇಲೆ ಬರುವುದೆಲ್ಲ ‘ಹೌಸ್ ಟ್ಯಾಕ್ಸ್’, ‘ಹೌಸ್ ನಂಬರ್’. ಸಂಬಳದ ಚೀಟಿಯಲ್ಲೂ ‘ಹೌಸ್ ರೆಂಟ್ ಅಲೋಯನ್ಸ್’. ಆಸೆಗೆ ಒಂದು ಪದ, ಲೆಕ್ಕಕ್ಕೆ ಇನ್ನೊಂದು.

ಅಂದಹಾಗೆ, ‘ಹೌಸ್ ಓನರ್’ ಅಂತ ನಾವು ಕರೆಯುವ ಬಾಡಿಗೆ ಮನೆಯ ಯಜಮಾನರನ್ನು ಹೊರಗಿನವರು ‘ಲ್ಯಾಂಡ್‌ಲಾರ್ಡ್’, ‘ಲ್ಯಾಂಡ್‌ಲೇಡಿ’ ಅನ್ನುತ್ತಾರೆ. ನಮ್ಮ ‘ಓನರ್ ಆಂಟಿ’ಗೆ ಮಾತ್ರ ಅಲ್ಲಿ ಸಮನಾದ ಪದವೇ ಇಲ್ಲ.

‘ನಮ್ಮ ಮನೇಲಿ ಒಪ್ಪಲ್ಲ’ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ?

‘ಇನ್ ಮೈ ಹೌಸ್ ದೇ ವೋಂಟ್ ಅಗ್ರೀ’ ಅಂದರೆ ಒಪ್ಪದವರು ಯಾರು ಅಂತ ಕೇಳಿದವರಿಗೆ ತಿಳಿಯುವುದಿಲ್ಲ. ಕನ್ನಡದ ‘ಮನೆ’ ಕಟ್ಟಡವೂ ಹೌದು, ಅದರೊಳಗಿನ ಜನವೂ ಹೌದು. ಹೋಮ್ ಅಷ್ಟು ದೂರ ಹೋಗುವುದಿಲ್ಲ. ಜನರನ್ನು ಹೇಳುವಾಗ ‘ಮೈ ಫ್ಯಾಮಿಲಿ’, ‘ಮೈ ಪೇರೆಂಟ್ಸ್’ ಅಂತ ಬಿಡಿಸಿ ಹೇಳಬೇಕು. ‘ನಮ್ಮ ಮನೆಯವರು’ ಅಂತ ಹೆಸರು ಹೇಳದೆ ಗಂಡನನ್ನೋ ಹೆಂಡತಿಯನ್ನೋ ಸೂಚಿಸುವ ಜಾಣತನ ಇಂಗ್ಲಿಷ್‌ಗೆ ಬರದು. ಅಲ್ಲಿ ‘ಮೈ ಹಸ್ಬೆಂಡ್’, ‘ಮೈ ವೈಫ್’ ಅಂತ ನೇರವಾಗಿ ಹೇಳಬೇಕು.

‘ತವರು ಮನೆ’ಗೂ ಒಂದೇ ಪದದಲ್ಲಿ ಉತ್ತರವಿಲ್ಲ. ‘ಮೈ ಮದರ್ಸ್ ಪ್ಲೇಸ್’, ‘ಮೈ ಪೇರೆಂಟ್ಸ್ ಹೌಸ್’ ಅಂದರೆ ವಿಳಾಸ ಸಿಗುತ್ತದೆ. ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗುವುದು, ಚೊಚ್ಚಲ ಬಾಣಂತನ, ಬರುವಾಗ ಅಮ್ಮ ಮಡಿಲು ತುಂಬುವುದು, ಇವೆಲ್ಲ ಅದರಲ್ಲಿ ಬರುವುದಿಲ್ಲ. ಗಂಡನ ಮನೆ ‘ಮೈ ಇನ್‌ಲಾಸ್ ಪ್ಲೇಸ್’. ಮನೆದೇವರು ‘ಫ್ಯಾಮಿಲಿ ಡಿಯಟಿ’. ಒಂದು ಕಡೆ ಮಾತ್ರ ಎರಡು ಭಾಷೆಯೂ ಒಂದೇ ದಾರಿ ಹಿಡಿದಿವೆ: ಎಲ್ಲರಿಗೂ ಗೊತ್ತಿರುವ ಹೆಸರಿಗೆ ನಾವು ‘ಮನೆಮಾತು’ ಅಂದರೆ ಅವರು ‘ಹೌಸ್‌ಹೋಲ್ಡ್ ನೇಮ್’ ಅನ್ನುತ್ತಾರೆ.

ಮದುವೆ ಜಾಹೀರಾತಿನ ‘ಹೋಮ್ಲಿ ಗರ್ಲ್’ ಸರಿಯೇ?

ಇಂಡಿಯಾದ ಜಾಹೀರಾತಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಹಳೆಯ ಕನ್ನಡ ಜಾಹೀರಾತುಗಳ ‘ಗೃಹಕೃತ್ಯದಲ್ಲಿ ನಿಪುಣೆ’ಯ ಇಂಗ್ಲಿಷ್ ಅವತಾರ ಅದು. ಆದರೆ ಅಮೆರಿಕದಲ್ಲಿ ಯಾರನ್ನಾದರೂ ‘ಹೋಮ್ಲಿ’ ಅಂದರೆ ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ ಅಂದಂತೆ. ಈಗ ನಮ್ಮ ಎಷ್ಟೋ ವರಗಳು ಅಲ್ಲೇ ಹುಟ್ಟಿ ಬೆಳೆದವರು. ಡಾಲಸ್‌ನಲ್ಲಿ ಬೆಳೆದ ಹುಡುಗ ‘ಫೇರ್, ಟಾಲ್, ಹೋಮ್ಲಿ’ ಅಂತ ಹುಡುಗಿಯ ಬಯೋಡೇಟಾದಲ್ಲಿ ಓದಿದರೆ ಇವರೇ ಯಾಕೆ ಹೀಗೆ ಬರೆದುಕೊಂಡರು ಅಂತ ಯೋಚಿಸಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಈ ಪದ ಅಷ್ಟು ಅಪಾಯದ್ದಲ್ಲ. ಆಡಂಬರವಿಲ್ಲದ, ಬೆಚ್ಚಗಿನ ಜಾಗಕ್ಕೆ ‘ಹೋಮ್ಲಿ’ ಅನ್ನುತ್ತಾರೆ. ಅದೇ ಅರ್ಥಕ್ಕೆ ಅಮೆರಿಕದವರ ಪದ ‘ಹೋಮಿ’. ಬೆಂಗಳೂರಿನ ಪಿಜಿಗಳ ಬೋರ್ಡಿನಲ್ಲಿರುವ ‘ಹೋಮ್ಲಿ ಫುಡ್’ ಬೇಕಿದ್ದರೆ ಹಾಗೇ ಇರಲಿ. ‘ಹೋಮ್ ಕುಕ್ಡ್’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ತಿಂದು ನೋಡಿದ ಮೇಲೆ ಅದು ನಿಜವೋ ಸುಳ್ಳೋ ಅನ್ನುವುದು ಬೇರೆ ಮಾತು.

ಹೌಸ್‌ವೈಫ್ ಅನ್ನಬೇಕಾ, ಹೋಮ್‌ಮೇಕರ್ ಅನ್ನಬೇಕಾ?

ಹೋಮ್‌ಮೇಕರ್. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು, ವಕೀಲರಿಗಾಗಿ ಒಂದು ಕೈಪಿಡಿ ಹೊರತಂದಿತು. ಹೆಣ್ಣಿನ ಬಗ್ಗೆ ಪೂರ್ವಗ್ರಹ ತುಂಬಿದ ಪದಗಳು ಯಾವುವು, ಅವುಗಳ ಬದಲು ಏನು ಬಳಸಬೇಕು ಅಂತ ಅದರಲ್ಲಿ ಪಟ್ಟಿ ಇದೆ. ಹೌಸ್‌ವೈಫ್ ಬದಲು ಹೋಮ್‌ಮೇಕರ್ ಅನ್ನುವುದೂ ಆ ಪಟ್ಟಿಯಲ್ಲಿದೆ. ಗಂಡಸು ಮನೆ ನೋಡಿಕೊಂಡರೂ ಅದೇ ಪದ ನಡೆಯುತ್ತದೆ.

‘ಹೋಮ್‌ಸಿಕ್’ ಅಂದರೆ ಕಾಯಿಲೆ ಬಿದ್ದು ಮನೆಯಲ್ಲಿರುವುದಾ?

ಅಲ್ಲ. ಮನೆ ನೆನಪಾಗಿ ಮನಸ್ಸು ಹುಳ್ಳಗಾಗುವುದು. ಹಾಸ್ಟೆಲ್ ಸೇರಿದ ಮಕ್ಕಳು ರಾತ್ರಿ ದೀಪ ಆರಿದ ಮೇಲೆ ಹೊದಿಕೆ ಮುಖಕ್ಕೆ ಎಳೆದುಕೊಂಡು ಅಳುತ್ತಾರಲ್ಲ, ಅದು. ‘ಐ ಆ್ಯಮ್ ಹೋಮ್‌ಸಿಕ್’, ‘ಐ ಫೀಲ್ ಹೋಮ್‌ಸಿಕ್’ ಸರಿ. ‘ಐ ಹ್ಯಾವ್ ಹೋಮ್‌ಸಿಕ್’ ತಪ್ಪು. ಯಾವ ಊರಿನ ನೆನಪು ಅಂತ ಹೇಳಲು ‘ಫಾರ್’ ಹಾಕಿ: ‘ಹೋಮ್‌ಸಿಕ್ ಫಾರ್ ಧಾರವಾಡ’. ಜ್ವರಕ್ಕೆ ರಜಾ ಅರ್ಜಿ ಬರೆಯುವಾಗ ಈ ಪದ ಬೇಡ.

ಒಂದು ಕಾಲದಲ್ಲಿ ಇದನ್ನು ನಿಜಕ್ಕೂ ಕಾಯಿಲೆ ಅಂತಲೇ ತಿಳಿದಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನ್ನೆಸ್ ಹೋಫರ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಊರು ಬಿಟ್ಟು ಬಂದವರ ಈ ಸಂಕಟದ ಬಗ್ಗೆ ಪ್ರಬಂಧ ಬರೆದ. ಗ್ರೀಕ್‌ನಲ್ಲಿ ‘ಮನೆಗೆ ಮರಳುವುದು’, ‘ನೋವು’ ಅನ್ನುವ ಎರಡು ಪದ ಕೂಡಿಸಿ ಅದಕ್ಕೆ ಹೆಸರಿಟ್ಟ: ನಾಸ್ಟಾಲ್ಜಿಯಾ. ಈಗ ನಾವು ಹಳೆಯ ಹಾಡು ಕೇಳಿ ಕಣ್ಣು ತೇವ ಮಾಡಿಕೊಳ್ಳುವಾಗ ಬಳಸುವ ಪದ ಹುಟ್ಟಿದ್ದು ರೋಗದ ಹೆಸರಾಗಿ. ಅದೇ ಸಂಕಟಕ್ಕೆ ಜರ್ಮನ್ ಮಾತಾಡುವವರ ಪದ ‘ಹೈಮ್‌ವೇ’, ಅಂದರೆ ಮನೆ ನೋವು. ಇಂಗ್ಲಿಷ್‌ನವರ ಹೋಮ್‌ಸಿಕ್ ಆ ಪದದ ಅಚ್ಚಿನಲ್ಲೇ ತಯಾರಾದದ್ದು.

‘ವಾಟ್ ಈಸ್ ಯುವರ್ ನೇಟಿವ್?’ ಅಂತ ಕೇಳಬಹುದಾ?

ಬೆಂಗಳೂರಿನಲ್ಲಿ ಪರಿಚಯವಾದ ಎರಡನೇ ನಿಮಿಷಕ್ಕೆ ಬರುವ ಪ್ರಶ್ನೆ ಇದು. ‘ನಿಮ್ಮೂರು ಯಾವುದು?’ ಅನ್ನುವುದರ ಇಂಗ್ಲಿಷ್. ಇಂಡಿಯಾದೊಳಗೆ ಧಾರಾಳವಾಗಿ ಕೇಳಿ. ಹೊರಗೆ ‘ವೇರ್ ಆರ್ ಯೂ ಫ್ರಮ್?’ ಅಥವಾ ‘ವೇರ್ ಈಸ್ ಹೋಮ್?’ ಅನ್ನಿ. ‘ನೇಟಿವ್’ ಅನ್ನುವ ಪದ ಬ್ರಿಟಿಷರ ಕಾಲದಲ್ಲಿ ನಮ್ಮಂಥವರನ್ನು ಕೀಳಾಗಿ ಕರೆಯಲು ಬಳಕೆಯಾಗಿತ್ತು, ಅದರ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ.

ಸರ್ಕಾರಿ ಕಡತದಲ್ಲಿ ‘ಹೋಮ್ ಟೌನ್’ಗೆ ಬೇರೆಯದೇ ತೂಕ. ಕೇಂದ್ರ ಸರ್ಕಾರಿ ನೌಕರರು ತಮ್ಮ ಹೋಮ್ ಟೌನ್ ಯಾವುದು ಅಂತ ಬರೆದುಕೊಡಬೇಕು. ಎರಡು ವರ್ಷದ ಅವಧಿಗೆ ಒಂದು ಸಲ ಅಲ್ಲಿಗೆ ಹೋಗಿಬರಲು ಪ್ರಯಾಣ ರಿಯಾಯಿತಿ ಸಿಗುತ್ತದೆ. ದೆಹಲಿಯಲ್ಲೇ ಮನೆ ಕಟ್ಟಿಕೊಂಡವರ ಕಡತದಲ್ಲೂ ಹೋಮ್ ಅಂತ ಇರುವುದು ಶಿರಸಿಯೋ ಹಾವೇರಿಯೋ ಆಗಿರಬಹುದು.

ಹೋಮ್ ಮಿನಿಸ್ಟರ್ ಮನೆಗಳನ್ನು ನೋಡಿಕೊಳ್ಳುವುದಿಲ್ಲ. ಮತ್ತೆ ಹೋಮ್ ಅಂತ ಯಾಕೆ?

ಮಕ್ಕಳು ಕೇಳುವ ಒಳ್ಳೆಯ ಪ್ರಶ್ನೆ ಇದು. ಇಲ್ಲಿ ಹೋಮ್ ಅಂದರೆ ಸ್ವದೇಶ, ವಿದೇಶಕ್ಕೆ ಎದುರು ಪದ. 1782ರಲ್ಲಿ ಬ್ರಿಟನ್ ತನ್ನ ಆಡಳಿತವನ್ನು ಎರಡಾಗಿ ಹಂಚಿತು. ಹೊರದೇಶಗಳ ವ್ಯವಹಾರ ಫಾರಿನ್ ಆಫೀಸಿಗೆ, ಒಳಗಿನದು ಹೋಮ್ ಆಫೀಸಿಗೆ. ಆ ಹೆಸರನ್ನೇ ನಾವೂ ತೆಗೆದುಕೊಂಡೆವು. ಪೊಲೀಸ್, ಹೋಮ್ ಗಾರ್ಡ್ಸ್ ಎಲ್ಲ ಆ ಸಾಲಿನವು.

ಕನ್ನಡಕ್ಕೆ ತರುವಾಗ ‘ಗೃಹ ಸಚಿವ’ ಅಂತ ಮಾಡಿ ಗೊಂದಲವನ್ನೂ ಜೊತೆಗೇ ತಂದುಕೊಂಡೆವು. ಹೌಸಿಂಗ್ ಬೋರ್ಡ್ ನಮ್ಮಲ್ಲಿ ‘ಕರ್ನಾಟಕ ಗೃಹ ಮಂಡಳಿ’. ಆದರೆ ಗೃಹ ಮಂಡಳಿ ಬರುವುದು ವಸತಿ ಇಲಾಖೆಗೆ, ಗೃಹ ಇಲಾಖೆಗಲ್ಲ. ಸೈಟಿಗೆ ಅರ್ಜಿ ಹಾಕುವವರಿಗೆ ಇದು ಗೊತ್ತಿರಲಿ.

ಆಗಸ್ಟ್ 15ರ ಸಂಜೆ ರಾಷ್ಟ್ರಪತಿ ಭವನದಲ್ಲಿ ‘ಅಟ್ ಹೋಮ್’ ಅಂತ ಪೇಪರಿನಲ್ಲಿ ಬರುತ್ತದೆ. ಏನದು?

ಒಂದು ಬಗೆಯ ಸತ್ಕಾರ ಕೂಟ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳಂದು ರಾಷ್ಟ್ರಪತಿಗಳು ಗಣ್ಯರನ್ನು ಕರೆಯುತ್ತಾರೆ. ರಾಜ್ಯಗಳಲ್ಲಿ ರಾಜ್ಯಪಾಲರೂ ತಮ್ಮ ಅಧಿಕೃತ ನಿವಾಸದಲ್ಲಿ ಇಂಥ ಕೂಟ ಇಟ್ಟುಕೊಳ್ಳುತ್ತಾರೆ.

ಈ ಮಾತು ಬಂದಿದ್ದು ಇಂಗ್ಲಿಷ್ ಸಿರಿವಂತರ ಮನೆಗಳಿಂದ. ಇಂಥ ದಿನ ಇಷ್ಟು ಹೊತ್ತಿಗೆ ನಾವು ‘ಅಟ್ ಹೋಮ್’ ಅಂತ ಕಾರ್ಡ್ ಕಳಿಸುತ್ತಿದ್ದರು. ಅಂದರೆ ಆಗ ಬಂದವರನ್ನು ಬರಮಾಡಿಕೊಳ್ಳುತ್ತೇವೆ ಅಂತ. ಉಳಿದ ಹೊತ್ತಿನಲ್ಲಿ ಯಾರಾದರೂ ಬಂದರೆ ಆಳು ಬಾಗಿಲಲ್ಲೇ ನಿಂತು ‘ನಾಟ್ ಅಟ್ ಹೋಮ್’ ಅನ್ನುತ್ತಿದ್ದ. ಯಜಮಾನರು ಒಳಗೇ ಟೀ ಕುಡಿಯುತ್ತಿದ್ದರೂ ಸರಿ. ಅದು ಸುಳ್ಳು ಅಂತ ಯಾರೂ ತಿಳಿಯುತ್ತಿರಲಿಲ್ಲ. ಸಾಲದವರು ಬಾಗಿಲಿಗೆ ಬಂದಾಗ ‘ಅಪ್ಪ ಇಲ್ಲ ಅಂತ ಹೇಳು’ ಅಂತ ಮಗನಿಗೆ ಕಲಿಸುವವರಿಗೆ ಮಾತ್ರ ಈ ಮರ್ಯಾದೆ ಸಿಗಲಿಲ್ಲ.

ಬ್ರಿಟಿಷರ ಕಾಲದ ಬರಹಗಳಲ್ಲಿ ಹೋಮ್ ಅಂದರೆ ಇಂಗ್ಲೆಂಡಾ?

ಹೌದು, ಎಷ್ಟೋ ಕಡೆ. ‘ಗೋಯಿಂಗ್ ಹೋಮ್’ ಅಂದರೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುವುದು. ‘ಲಿಟಲ್ ಇಂಗ್ಲೆಂಡ್’ ಅಂತ ಹೆಸರಾಗಿದ್ದ ಕೋಲಾರದ ಚಿನ್ನದ ಗಣಿ, ಬೆಂಗಳೂರಿನ ದಂಡು ಪ್ರದೇಶದಂಥ ಕಡೆ ಈ ಮಾತು ನಿತ್ಯದ್ದಾಗಿತ್ತು. ಒಮ್ಮೆಯೂ ಆ ದೇಶ ನೋಡದ, ಇಲ್ಲೇ ಹುಟ್ಟಿದ ಆಂಗ್ಲೋ ಇಂಡಿಯನ್ನರಲ್ಲೂ ಹಲವರು ಇಂಗ್ಲೆಂಡನ್ನೇ ಹೋಮ್ ಅನ್ನುತ್ತಿದ್ದರು. ಸರ್ಕಾರದ ಲೆಕ್ಕದಲ್ಲೂ ಅದೇ ಪದ. ಅಧಿಕಾರಿಗಳ ಪಿಂಚಣಿ, ರೈಲ್ವೆ ಬಂಡವಾಳದ ಬಡ್ಡಿ, ಲಂಡನ್ ಕಚೇರಿಯ ಖರ್ಚು ಅಂತ ಇಂಡಿಯಾದಿಂದ ಅಲ್ಲಿಗೆ ಹೋಗುತ್ತಿದ್ದ ಹಣದ ಹೆಸರು ‘ಹೋಮ್ ಚಾರ್ಜಸ್’. ದುಡ್ಡು ನಮ್ಮದು, ಹೋಮ್ ಅವರದು.

ಮುಂದೆ ಆ ಪದವನ್ನೇ ಅವರ ಕಡೆಗೆ ತಿರುಗಿಸಿ ಹಿಡಿದವರೂ ಇದ್ದರು. ಐರ್ಲೆಂಡಿನವರು ತಮ್ಮ ಆಡಳಿತ ತಮಗೇ ಬೇಕು ಅಂತ ಎತ್ತಿದ್ದ ‘ಹೋಮ್ ರೂಲ್’ ಘೋಷಣೆ ಇಲ್ಲಿಗೂ ಬಂತು. 1916ರ ಏಪ್ರಿಲ್‌ನಲ್ಲಿ ಬಾಲಗಂಗಾಧರ ತಿಲಕರು ತಮ್ಮ ಹೋಮ್ ರೂಲ್ ಲೀಗ್ ಶುರುಮಾಡಿದ್ದು ನಮ್ಮ ಬೆಳಗಾವಿಯಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಇನ್ನೊಂದನ್ನು ಕಟ್ಟಿದರು. ಇಲ್ಲಿಯ ಹೋಮ್ ಅಂದರೆ ಯಾರ ಮನೆ ಅನ್ನುವುದಕ್ಕೆ ಈಗ ಉತ್ತರ ಬೇರೆ.

ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ಗಳ ಕೊನೆಯ ‘ಹ್ಯಾಮ್’ಗೂ ಹೋಮ್‌ಗೂ ನಂಟಿದೆಯಾ?

ಇದೆ. ಆ ಹಳೆಯ ‘ಹಾಮ್’ ಊರ ಹೆಸರುಗಳ ಕೊನೆಯಲ್ಲಿ ‘ಹ್ಯಾಮ್’ ಆಗಿ ಉಳಿದಿದೆ. ಬರ್ಮಿಂಗ್‌ಹ್ಯಾಮ್ ಅಂದರೆ ಬಿಯೋರ್ಮ ಅನ್ನುವವನ ಕಡೆಯವರು ಇದ್ದ ನೆಲೆ. ಮನೆಯೇ ಊರಾಗುವುದು ನಮಗೆ ಹೊಸದಲ್ಲ. ರಾಮಕೃಷ್ಣ ಹೆಗಡೆಯವರು ಹುಟ್ಟಿದ ಊರು ಸಿದ್ದಾಪುರ ತಾಲ್ಲೂಕಿನ ದೊಡ್ಮನೆ.

‘ಹೋಮ್‌ಬೌಂಡ್’, ‘ಹೌಸ್‌ಬೌಂಡ್’ ಒಂದೇನಾ?

ಹೌಸ್‌ಬೌಂಡ್ ಅಂದರೆ ಕಾಯಿಲೆಯಿಂದಲೋ ವಯಸ್ಸಿನಿಂದಲೋ ಹೊರಗೆ ಹೋಗಲಾರದವರು. ಹೋಮ್‌ಬೌಂಡ್‌ಗೆ ಎರಡು ಅರ್ಥ: ಮನೆ ಕಡೆ ಹೊರಟವರು, ಮತ್ತು ಅಮೆರಿಕದಲ್ಲಿ ಮನೆಯಲ್ಲೇ ಉಳಿದುಹೋದವರು. ಪೂರ್ತಿ ಉಲ್ಟಾ ಅರ್ಥಗಳು, ಅಲ್ವಾ? ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರು ಮೊದಲ ಅರ್ಥದ ಹೋಮ್‌ಬೌಂಡ್. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಕೊಟ್ಟರಲ್ಲ, ಅವರಲ್ಲಿ ಹಾಸಿಗೆ ಹಿಡಿದವರು ಎರಡನೆಯ ಅರ್ಥದವರು.

ಗೃಹಪ್ರವೇಶದ ಕಾರ್ಡಿನಲ್ಲಿ ‘ಹೌಸ್ ವಾರ್ಮಿಂಗ್’ ಅಂತ ಹಾಕಿಸಬಹುದಾ?

ಎಲ್ಲರೂ ಹಾಕಿಸುತ್ತಾರೆ, ನೀವೂ ಹಾಕಿಸಿ. ಆದರೆ ಹೊರದೇಶದವರಿಗೆ ಹೌಸ್ ವಾರ್ಮಿಂಗ್ ಅಂದರೆ ಸಾಮಾನೆಲ್ಲ ಜೋಡಿಸಿಕೊಂಡ ಮೇಲೆ ಸ್ನೇಹಿತರಿಗೆ ಕೊಡುವ ಪಾರ್ಟಿ. ಅವರು ಸಂಜೆ ಕೈಯಲ್ಲಿ ವೈನ್ ಬಾಟಲಿ ಹಿಡಿದು ಬಂದರೆ ತಪ್ಪು ಅವರದಲ್ಲ. ಬೆಳಗಿನ ಜಾವ ಹಸು ನುಗ್ಗಿಸಿ, ಗಣಹೋಮ ಮಾಡಿ, ಹಾಲುಕ್ಕಿಸುವುದಕ್ಕೆ ಕರೆಯುತ್ತಿದ್ದರೆ ‘ಗೃಹಪ್ರವೇಶ’ ಅಂತಲೇ ಬರೆದು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಿ.

ಹೋಮ್ ಇರುವ ನುಡಿಗಟ್ಟುಗಳಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ?

‘ಮೇಕ್ ಯುವರ್‌ಸೆಲ್ಫ್ ಅಟ್ ಹೋಮ್’ ಮೊದಲು ಕಲಿಯಿರಿ. ‘ಸಂಕೋಚ ಮಾಡ್ಕೋಬೇಡಿ, ನಿಮ್ಮನೆ ಅಂದ್ಕೊಳ್ಳಿ’ ಅನ್ನುವುದಕ್ಕೆ ಅದಕ್ಕಿಂತ ಹತ್ತಿರದ್ದು ಇಲ್ಲ. ‘ನಥಿಂಗ್ ಟು ರೈಟ್ ಹೋಮ್ ಅಬೌಟ್’ ಅಂದರೆ ಅಷ್ಟಕ್ಕಷ್ಟೇ, ಹೇಳಿಕೊಳ್ಳುವಂಥದ್ದೇನಿಲ್ಲ. ಮಾತು ಮನಸ್ಸಿಗೆ ನಾಟಿದರೆ ‘ಇಟ್ ಹಿಟ್ ಹೋಮ್’. ಮುಖಕ್ಕೆ ಹೊಡೆದ ಹಾಗೆ ಹೇಳುವ ಸತ್ಯ ‘ಹೋಮ್ ಟ್ರೂತ್’. ‘ಟಿಲ್ ದ ಕೌಸ್ ಕಮ್ ಹೋಮ್’ ಅಂದರೆ ಎಷ್ಟು ಹೊತ್ತಾದರೂ ಅಂತ. ನಮ್ಮ ಹಳ್ಳಿಯ ದನ ಹೊತ್ತಿಗೆ ಸರಿಯಾಗಿ ಕೊಟ್ಟಿಗೆ ಸೇರುವುದರಿಂದ ಇದು ನಮಗೆ ಸ್ವಲ್ಪ ವಿಚಿತ್ರ.

‘ಚಾರಿಟಿ ಬಿಗಿನ್ಸ್ ಅಟ್ ಹೋಮ್’ಗೆ ‘ಮನೆ ಗೆದ್ದು ಮಾರು ಗೆಲ್ಲು’ ಅಂತ ಕೆಲವರು ಅನುವಾದ ಮಾಡುತ್ತಾರೆ. ಸರಿಹೋಗುವುದಿಲ್ಲ. ಒಂದು ಕೊಡುವ ಮಾತು, ಇನ್ನೊಂದು ಗೆಲ್ಲುವ ಮಾತು.

ಹೋಮ್‌ಸ್ಟೇ ಅಂದರೆ ಲಾಡ್ಜೇ ತಾನೆ?

ಆಗಬಾರದು. ಮನೆಯವರು ವಾಸವಾಗಿರುವ ಮನೆಯಲ್ಲೇ ಅತಿಥಿಯಾಗಿ ಉಳಿದು, ಅವರು ಮಾಡಿದ್ದನ್ನು ಉಣ್ಣುವುದು ಹೋಮ್‌ಸ್ಟೇ. ಕೊಡಗಿನಲ್ಲಿ ಬೆಳಿಗ್ಗೆ ಮನೆಯ ಅಮ್ಮನೇ ಕಡುಬು, ಪಂದಿಕರಿ ಬಡಿಸಿದರೆ ಅದು ಹೋಮ್‌ಸ್ಟೇ. ತೋಟದ ನಡುವೆ ಸಾಲಾಗಿ ಕಾಟೇಜ್ ಕಟ್ಟಿ, ಮಾಲೀಕರು ಬೆಂಗಳೂರಿನಲ್ಲಿ ಕೂತಿದ್ದರೆ ಬೋರ್ಡಿನಲ್ಲಿ ಏನೇ ಇರಲಿ, ಅದು ರೆಸಾರ್ಟ್.

ಉಚ್ಚಾರಣೆ ‘ಹೋಮ್’ ಅಂತಲೇನಾ?

ಹೆಚ್ಚುಕಡಿಮೆ. ನಮ್ಮ ‘ಓ’ ಶುರುವಿನಿಂದ ಕೊನೆಯವರೆಗೆ ಒಂದೇ ಸಮ. ಅವರ ‘ಓ’ ಕೊನೆಗೆ ‘ಉ’ ಕಡೆ ಜಾರುತ್ತದೆ, ‘ಹೋಉಮ್’ ಅಂದ ಹಾಗೆ. ನಮ್ಮ ಥರವೇ ಹೇಳಿದರೂ ಯಾರಿಗೂ ತೊಂದರೆ ಇಲ್ಲ. ‘ಹ’ ನುಂಗಿ ‘ಓಮ್’ ಅನ್ನಬೇಡಿ, ಅದು ಮಂತ್ರವಾಗುತ್ತದೆ. ಕೊನೆಗೆ ‘ಅ’ ಸೇರಿಸಿದರೆ ಪುರೋಹಿತರನ್ನು ಕರೆಸಬೇಕಾಗುತ್ತದೆ.